ಕೆಂಪು ಮುಚ್ಚಳದ ಭಾನುವಾರಗಳು

ಹೋದ ವಾರ ವಿಜಯನಗರದ ಛತ್ರವೊಂದರಲ್ಲಿ ಮದುವೆ ಊಟ ಮುಗಿಸಿ, ಕೊಟ್ಟ ತಾಂಬೂಲದ ಚೀಲವನ್ನು ಸ್ಕೂಟರಿನ ಮುಂದಿನ ಕೊಕ್ಕೆಗೆ ಸಿಕ್ಕಿಸಿಕೊಂಡು ಹಿನಕಲ್ಲಿನ ಮನೆ ಕಡೆ ಹೊರಟೆ. ಸಿಗ್ನಲ್ಲಿನಲ್ಲಿ ನಿಂತಾಗ ವಾಸನೆ ಬಂತು. ತೆಂಗಿನಕಾಯಿ, ವೀಳ್ಯದೆಲೆಗಳ ನಡುವಿನಿಂದ ಎದ್ದು ಬರುವ, ಸ್ವಲ್ಪ ಸಿಹಿಯಾದ, ಸ್ವಲ್ಪ ತಲೆಗೇರುವ ವಾಸನೆ. ಹಸಿ ಇಂಕಿನದು, ಇಂಕನ್ನು ತೆಳ್ಳಗೆ ಮಾಡುವ ಥಿನ್ನರಿನದು. ಹಸಿರು ದೀಪ ಬಂದದ್ದು ನನಗೆ ಕಾಣಲಿಲ್ಲ. ಹಿಂದಿನ ಆಟೋದವರು ಹಾರನ್ ಒತ್ತಿ, ನನ್ನ ವಂಶದ ಬಗ್ಗೆ ಎರಡು ಮಾತು ಆಡಿ ಮುಂದೆ ಹೋದರು.

ಮನೆಗೆ ಬಂದವನೇ ಕಾಯಿ ತೆಗೆದಿಟ್ಟು ಖಾಲಿ ಚೀಲವನ್ನು ಬಾಲ್ಕನಿಯ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದೆ.

"ಸೊಳ್ಳೆ ಬತ್ತಿಗೆ ಹೆದರಿದ್ರಿ, ಕಪಾಟಿನ ನುಸಿಗುಳಿಗೆಗೆ ಹೆದರಿದ್ರಿ. ಈಗ ಯಾರದೋ ಮದುವೆ ಚೀಲಕ್ಕೂ ಹೆದರ್ಕೊಂಡ್ರಾ?" ಎಂದು ನನ್ನ ಹೆಂಡತಿ ನಗುತ್ತಾ ಬಂದಳು. ಚೀಲದ ಕೆಳಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾಗಿದ್ದ ಅಂಗಡಿಯ ಹೆಸರು ಓದಿದಳು. ಚೆಲುವ ಸ್ಕ್ರೀನ್ ಪ್ರಿಂಟರ್ಸ್, ಕೆಸರೆ. ಆಮೇಲೆ ನಗಲಿಲ್ಲ. ಒಳಗೆ ಹೋಗಿ ಕುಕ್ಕರ್ ಇಟ್ಟಳು.

ಚೆಲುವರಾಜು ಹೋಗಿ ಮೂರು ವರ್ಷವಾಯಿತು. ಅಂಗಡಿ ಇದೆ.

ಅವನ ಕೊನೆಯ ಆ ಒಂದು ವರ್ಷ ನನಗೆ ತಿಂಗಳ ಲೆಕ್ಕದಲ್ಲಿ ನೆನಪಿಲ್ಲ, ಮುಹೂರ್ತಗಳ ಲೆಕ್ಕದಲ್ಲಿ ನೆನಪಿದೆ. ತಾಂಬೂಲದ ಚೀಲ ಅಚ್ಚು ಹಾಕುವವರ ವರ್ಷ ಹಾಗೆಯೇ ಇರುತ್ತದೆ. ಮಾಘದಲ್ಲಿ ಕೆಲಸ ಶುರು, ವೈಶಾಖದಲ್ಲಿ ಉಸಿರಾಡಲು ಪುರುಸೊತ್ತಿಲ್ಲ, ಆಷಾಢದಲ್ಲಿ ಮದುವೆಯೇ ಇಲ್ಲ, ಶ್ರಾವಣದಲ್ಲಿ ಮತ್ತೆ ನೂಕುನುಗ್ಗಲು, ಧನುರ್ಮಾಸದಲ್ಲಿ ಬಾಗಿಲು ಅರ್ಧ. ಉಸಿರಾಡಲು ಪುರುಸೊತ್ತಿಲ್ಲ ಎಂದು ಬರೆದೆನಲ್ಲ, ಅದು ಬಾಯಿಮಾತು. ಅವನು ಉಸಿರಾಡುತ್ತಲೇ ಇದ್ದ. ತೊಂದರೆ ಆದದ್ದೇ ಅದರಿಂದ.

ನನ್ನ ವಿಷಯ ಹೇಳಿಬಿಡುತ್ತೇನೆ. ವಿಜಯನಗರದಲ್ಲಿ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ದಿನವಿಡೀ ಊರಿನವರ ರಕ್ತದಲ್ಲಿ ಏನೇನು ಕೆಟ್ಟಿದೆ ಎಂದು ನೋಡಿ, ಸಂಜೆ ಮನೆಗೆ ಬಂದು ಅದೆಲ್ಲ ನನಗೂ ಇದೆ ಎಂದು ಹೆದರುವುದು ನನ್ನ ದಿನಚರಿ. ಅಪ್ಪ ಕಾಮಾಲೆಯಲ್ಲಿ ಹೋದವರು. ಅವರ ಹಳದಿ ಕಣ್ಣು ನೋಡಿದ ಹನ್ನೆರಡನೇ ವಯಸ್ಸಿನಿಂದ ನನಗೆ ದೇಹ ಎಂದರೆ ಲಿವರು. ಮಿಕ್ಕಿದ್ದೆಲ್ಲ ಅದರ ಸುತ್ತ ಜೋಡಿಸಿದ ಸಾಮಾನು. ಸೀದ ದೋಸೆ ತಿನ್ನುವುದಿಲ್ಲ. ರಸ್ತೆಗೆ ಡಾಂಬರು ಹಾಕುತ್ತಿದ್ದರೆ ಬೇರೆ ದಾರಿ ಹಿಡಿಯುತ್ತೇನೆ. ಇಷ್ಟೆಲ್ಲ ಹೆದರುವವನು ಹೆದರಬೇಕಾದ ಜಾಗದಲ್ಲಿ ಹೆದರಲಿಲ್ಲ ಎನ್ನುವುದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಚೆಲುವರಾಜು ಪಿಯುಸಿಯಲ್ಲಿ ನನ್ನ ಬೆಂಚಿನವನು. ಓದು ಅಲ್ಲಿಗೆ ನಿಲ್ಲಿಸಿ, ಕೆಸರೆಯಲ್ಲಿ ಅವರ ಮನೆಗೆ ಅಂಟಿಕೊಂಡ ಶೀಟಿನ ಕೋಣೆಯಲ್ಲಿ ಅಚ್ಚಿನ ಕೆಲಸ ಹಿಡಿದ. ಮರದ ಚೌಕಟ್ಟಿಗೆ ಬಿಗಿದ ತೆಳು ಪರದೆ, ಅದರ ಮೇಲೆ ಇಂಕು, ಇಂಕನ್ನು ಎಳೆಯಲು ರಬ್ಬರಿನ ಪಟ್ಟಿ. ಒಂದು ಎಳೆತಕ್ಕೆ ಒಂದು ಚೀಲ. ವಧೂವರರ ಹೆಸರು, ಎರಡು ಬಾಳೆಗಿಡ, ಒಂದು ಗಣಪತಿ. ಕೋಣೆಯ ತುಂಬ ಹಗ್ಗ ಕಟ್ಟಿ ಚೀಲ ಒಣಗಲು ಹಾಕಿರುತ್ತಿದ್ದ. ಬಗ್ಗಿಕೊಂಡೇ ಒಳಗೆ ಹೋಗಬೇಕು. ಥಿನ್ನರು ಯಾವುದೋ ಗೋದಾಮಿನ ಡ್ರಮ್ಮಿನಿಂದ ಹಳೆಯ ನೀರಿನ ಬಾಟಲಿಗಳಲ್ಲಿ ಬರುತ್ತಿತ್ತು. ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಪರದೆ ಒರೆಸುವುದಕ್ಕೂ ಅದೇ, ಸಂಜೆ ಮೊಣಕೈವರೆಗೆ ಕೈ ತೊಳೆಯುವುದಕ್ಕೂ ಅದೇ.

ಆ ಮಾಘದಲ್ಲಿ ಒಂದು ದಿನ ಅಲ್ಲಿ ಹತ್ತು ನಿಮಿಷ ಕೂತಿದ್ದಕ್ಕೆ ತಲೆ ಸುತ್ತಿತು.

"ಕಿಟಕಿ ತೆಗಿಯೋ ಮಾರಾಯ," ಅಂದೆ.

"ಕಿಟಕಿ ತೆಗುದ್ರೆ ಗಾಳಿ ಬತ್ತದೆ. ಗಾಳಿ ಬಂದ್ರೆ ಪರದೇಲೇ ಇಂಕು ಒಣಗೋಯ್ತದೆ. ಆಮೇಕೆ ಗಂಡಿನ ಹೆಸ್ರು ಅರ್ಧ, ಹೆಣ್ಣಿನ ಹೆಸ್ರು ಅರ್ಧ. ಮದ್ವೆ ನಿಂತೋದ್ರೆ ನೀ ಬಂದು ತಾಳಿ ಕಟ್ಟೀಯೇನ್ಲಾ ಲ್ಯಾಬು?"

ಅವನು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ, ಲ್ಯಾಬು ಎಂದು. ಅವನ ಹೆಂಡತಿ ರತ್ನಮ್ಮ ಮೂಲೆಯಲ್ಲಿ ಚೀಲ ಮಡಿಸುತ್ತಾ, "ಅವ್ರಿಗೆ ಯೋಳ್ಬೇಡಿ ಅಣ್ಣ. ವಾಸ್ನೆ ಇಲ್ದಿದ್ರೆ ಅವ್ರಿಗೆ ಊಟ ಸೇರಾಕಿಲ್ಲ," ಅಂದರು. ಸಂಜೆ ಕೆಲಸ ಬಿಡುವಾಗ ಇಬ್ಬರೂ ಒಂದೊಂದು ನಿಂಬೆಹಣ್ಣಿನ ಗಾತ್ರದ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಆ ಕಸುಬಿನವರೆಲ್ಲ ಹಾಗೆ ಮಾಡುತ್ತಾರಂತೆ. ಬೆಲ್ಲ ವಾಸನೆಯನ್ನು ಗಂಟಲಿನಿಂದ ಎಳೆದುಕೊಂಡು ಕೆಳಗೆ ಇಳಿಯುತ್ತದಂತೆ.

"ಇಳಿದ ಮೇಲೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ.

"ಅದ ನೀನ್ ಯೋಳ್ಬೇಕು. ಓದಿರೋನು."

"ಲಿವರಿಗೆ. ವಿಷ ಯಾವುದಿದ್ರೂ ಲಿವರು ಮುರಿದು ಹಾಕುತ್ತೆ. ಲಿವರು ಗಟ್ಟಿ ಇದ್ರೆ ಏನೂ ಆಗಲ್ಲ."

ಈ ಮಾತು ಹೇಳಿದವನು ನಾನೇ. ಬೆಲ್ಲಕ್ಕಿಂತ ಹೆಚ್ಚು ಸಿಹಿಯಾಗಿ ಹೇಳಿದೆ.

ಗಟ್ಟಿ ಇದೆಯೋ ಇಲ್ಲವೋ ನೋಡಿಬಿಡೋಣ ಎಂದು ಭಾನುವಾರಗಳು ಶುರುವಾದವು. ನಾನು ಹೇಗೂ ತಿಂಗಳ ಮೊದಲ ಭಾನುವಾರ ಕದ್ದುಮುಚ್ಚಿ ನನ್ನ ಲಿವರು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಆ ದಿನ ಲ್ಯಾಬಿನಲ್ಲಿ ನಾನೊಬ್ಬನೇ. ಲಿವರಿನ ಪರೀಕ್ಷೆಗೆ ಬಳಸುವ ದ್ರಾವಣ ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ರಕ್ತಕಣ ಎಣಿಸುವ ಮೆಷಿನ್ನು ಹಾಗಲ್ಲ. ಒಳಗೆ ಹೋದ ಪ್ರತಿ ರಕ್ತಕ್ಕೂ ತಾನೇ ನಂಬರು ಹಾಕಿಕೊಳ್ಳುತ್ತದೆ. ಬಿಲ್ಲಿಲ್ಲದ ನಂಬರು ಕಂಡರೆ ಮಾಲೀಕರು ಕನ್ನಡಕದ ಮೇಲಿನಿಂದ ನೋಡುತ್ತಾರೆ. ಆ ನೋಟಕ್ಕೆ ನನಗೆ ಹೆದರಿಕೆ. ಆದ್ದರಿಂದ ಲಿವರಿಗೆ ಬೇಕಾದ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಮಾತ್ರ ರಕ್ತ ತೆಗೆಯುತ್ತಿದ್ದೆ. ಕಣ ಎಣಿಸಲು ಬೇಕಾದ ನೇರಳೆ ಮುಚ್ಚಳದ ಟ್ಯೂಬಿನ ಪೆಟ್ಟಿಗೆ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು.

ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ತೋಳು ಮಡಿಸಿ ಕೂರುತ್ತಿದ್ದೆವು. ಮೊದಲು ಅವನಿಗೆ ಚುಚ್ಚುತ್ತಿದ್ದೆ, ಆಮೇಲೆ ಎಡಗೈಗೆ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಮೊದಲ ಸಲದ ಫಲಿತಾಂಶ ನೋಡಿ ನನಗೆ ಅವಮಾನವಾಯಿತು. ಸೀದ ದೋಸೆಯನ್ನೂ ತಿನ್ನದ ನನ್ನ ಲಿವರಿನಲ್ಲಿ ಕೊಬ್ಬಿರಬೇಕು, ಎಣಿಕೆ ನಾರ್ಮಲ್ಲಿನ ಗೆರೆ ದಾಟಿದೆ. ಥಿನ್ನರಿನಲ್ಲಿ ಕೈ ತೊಳೆಯುವವನದು ಪಾಠದ ಪುಸ್ತಕದಲ್ಲಿ ಅಚ್ಚು ಹಾಕಬೇಕು, ಹಾಗಿದೆ.

"ಎಂಗೈತೆ?" ಅಂದ.

"ನಾರ್ಮಲ್. ಷೋರೂಮಿಂದ ಈಗ ತಂದ ಹಾಗಿದೆ."

"ನಿಂದು?"

"ಸರ್ವಿಸಿಗೆ ಬಿಡಬೇಕು."

ಅವನು ನಕ್ಕಿದ್ದು ಬೀದಿಗೆ ಕೇಳಿಸಿತು. ರಿಪೋರ್ಟು ಮಡಿಸಿ ಜೇಬಿಗಿಟ್ಟುಕೊಂಡು ಹೋಗಿ, ಅಂಗಡಿಯಲ್ಲಿ ಬುದ್ಧನ ಕ್ಯಾಲೆಂಡರಿನ ಪಕ್ಕ, ಚೀಲ ಒಣಗಿಸುವ ಹಗ್ಗಕ್ಕೇ ಕ್ಲಿಪ್ ಹಾಕಿ ನೇತುಹಾಕಿದ. ಮಾಘದ್ದರ ಪಕ್ಕ ಫಾಲ್ಗುಣದ್ದು, ಚೈತ್ರದ್ದು, ವೈಶಾಖದ್ದು, ಎಲ್ಲ ಸಾಲಾಗಿ ಅಲ್ಲೇ. ಗಿರಾಕಿಗಳು ಏನಿದು ಎಂದು ಕೇಳಿದರೆ, "ನಮ್ಮ ಲ್ಯಾಬು ಕೊಟ್ಟಿರೋ ಸರ್ಟಿಫೀಟು. ನನ್ ಲಿವರು ಫಸ್ಟ್ ಕ್ಲಾಸು," ಅನ್ನುತ್ತಿದ್ದ. ಕೆಳಗೆ ನನ್ನ ಸಹಿ.

ಆಷಾಢ ಬಂತು. ಮೈಸೂರಿಗೆ ಆ ವರ್ಷ ಗಾಳಿಯೇ ಹೆಚ್ಚು, ಮಳೆ ಹನಿಹನಿ. ಮದುವೆಗಳಿಲ್ಲ, ಚೌಕಟ್ಟುಗಳನ್ನು ಗೋಡೆಗೆ ಒರಗಿಸಿ ಕಿಟಕಿ ತೆರೆದಿದ್ದರು. ಅವನು ಸುಧಾರಿಸಿಕೊಳ್ಳಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬಂದವನು, ಎರಡನೇ ಮಹಡಿಯ ಮೆಟ್ಟಿಲಿನ ನಡುವೆ ಕೂತುಬಿಟ್ಟಿದ್ದ. ಚಪ್ಪಲಿ ಸದ್ದು ನಿಂತಿತೆಂದು ನಾನೇ ಇಳಿದು ಹೋದೆ. ಮುಖ ಮಾಸಲು ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಮೊಣಕೈ ಕೆಳಗೆ ಒಂದು ನೀಲಿ ಗಾಯದ ಗುರುತು.

"ಇದೇನೋ?"

"ಚೌಕಟ್ಟು ಬಡೀತು ಬುಡು. ವಯಸ್ಸಾಯ್ತಲ್ಲ, ದಮ್ಮು ಕಮ್ಮಿ." ಆಮೇಲೆ, ಹಿಂದೆಂದೂ ಆಡದ ದನಿಯಲ್ಲಿ ಕೇಳಿದ: "ನಮ್ ಭಾವ ಒಂದು ಸ್ಕೂಲ್ ಬಸ್ಸಿಗೆ ಡ್ರೈವರ್ ಬೇಕು ಅಂತವ್ನೆ. ಇದ ಬುಟ್ಬುಡ್ಲಾ? ನಿಜ ಯೋಳು. ನಿಂಗೆ ಗೊತ್ತಿರ್ತದೆ."

ನಾನು ಜೀವಮಾನವೆಲ್ಲ ಜನರನ್ನು ಹೆದರಿಸಿದವನು. ಮನೆಯಲ್ಲಿ, ಲ್ಯಾಬಿನಲ್ಲಿ, ನೆಂಟರಲ್ಲಿ ನನ್ನ ಹೆದರಿಕೆ ಒಂದು ತಮಾಷೆಯ ವಸ್ತು. ಆ ದಿನ ಅವನ ಮುಖ ನೋಡಿ, ಒಂದು ಸಲವಾದರೂ ಧೈರ್ಯ ಹೇಳುವ ಮನುಷ್ಯನಾಗಬೇಕು ಅನ್ನಿಸಿತು. ಆರು ರಿಪೋರ್ಟು ನನ್ನ ಬೆನ್ನಿಗಿದ್ದವು.

"ಸುಮ್ಮನೆ ಹೆದರಬೇಡ ಕಣೋ. ಲಿವರು ನಾರ್ಮಲ್ ಇದೆ. ನುಗ್ಗೆಸೊಪ್ಪು ತಿನ್ನು, ಸರಿ ಹೋಗುತ್ತೆ. ಇಷ್ಟು ವರ್ಷದ ಕಸುಬು ಯಾಕೆ ಬಿಡ್ತೀಯ?"

ಅವನು ಎದ್ದು ನನ್ನ ಬೆನ್ನು ತಟ್ಟಿದ. "ನೀನೇ ಹೆದರ್ಕೋಬೇಡ ಅಂದ್ಮೇಲೆ ಮುಗೀತು ಬುಡು," ಅಂದ.

ಶ್ರಾವಣದಲ್ಲಿ ಕಿಟಕಿ ಮುಚ್ಚಿದರು. ಆ ತಿಂಗಳ ಭಾನುವಾರ ಏಳನೇ ರಿಪೋರ್ಟು ಕೊಟ್ಟೆ. ನಾರ್ಮಲ್.

ಗೌರಿ ಹಬ್ಬ ಕಳೆದ ವಾರ ಬೆಳಿಗ್ಗೆ ರತ್ನಮ್ಮ ಫೋನು ಮಾಡಿದರು. ಬಿಳಿ ಚೀಲದ ಕಟ್ಟೊಂದಕ್ಕೆ ಹೆಸರು ಅಚ್ಚು ಹಾಕುತ್ತಿದ್ದಾಗ, ಚೀಲಗಳ ಮೇಲೆ ಕೆಂಪು ಹನಿ ಬೀಳುತ್ತಿತ್ತಂತೆ. ಕುಂಕುಮ ಬಣ್ಣದ ಇಂಕು ಸೋರುತ್ತಿದೆ ಎಂದು ಅವನು ಪರದೆ ಒರೆಸಿದನಂತೆ, ಮತ್ತೆ ಒರೆಸಿದನಂತೆ. ಆಮೇಲೆ ರತ್ನಮ್ಮ ತಲೆ ಎತ್ತಿ ನೋಡಿದರೆ ಅವನ ಮೂಗು. "ಹಲ್ಲುಜ್ಜುವಾಗ್ಲೂ ಬತ್ತಿತ್ತಂತೆ ಅಣ್ಣ. ಒಂದು ತಿಂಗಳಿಂದ. ನಿಮ್ಗೆ ಯೋಳ್ಬೇಡ ಅಂದಿದ್ರು. ಪಾಪ ಹೆದರ್ಕೊತಾನೆ ಅಂತ."

ನೇರಳೆ ಮುಚ್ಚಳದ ಟ್ಯೂಬು ಹಿಡಿದುಕೊಂಡು ಕೆಸರೆಗೆ ಹೋದೆ. ರಕ್ತ ತೆಗೆದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದೆ; ಹತ್ತಿ ನೆನೆಯಿತು, ಇನ್ನೊಂದು ಹಿಡಿದೆ, ಅದೂ ನೆನೆಯಿತು. ಲ್ಯಾಬಿಗೆ ಬಂದು ಮೆಷಿನ್ನಿಗೆ ಕೊಟ್ಟರೆ ಕೆಂಪುಕಣ, ಬಿಳಿಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟು, ಮೂರೂ ಪಾತಾಳದಲ್ಲಿ. ಮೆಷಿನ್ನು ಕೆಟ್ಟಿದೆ ಎಂದು ಬೈದು ಮತ್ತೆ ಹಾಕಿದೆ. ಮೂರನೇ ಸಲವೂ ಹಾಕಿದೆ. ಆಮೇಲೆ ನನ್ನ ರಕ್ತವನ್ನೇ ತೆಗೆದು ಹಾಕಿದೆ. ನನ್ನದು ಎಲ್ಲ ಸರಿಯಾಗಿ ಬಂತು. ಮೆಷಿನ್ನು ಕೆಟ್ಟಿರಲಿಲ್ಲ. ಮಾಲೀಕರು ಬಂದು ಬಿಲ್ಲಿಲ್ಲದ ನಾಲ್ಕು ನಂಬರು ನೋಡಿದರು, ನನ್ನ ಮುಖವನ್ನೂ ನೋಡಿದರು, ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಇಷ್ಟಕ್ಕೆ ಹೆದರಿದ್ದೆ ನಾನು.

ಆಸ್ಪತ್ರೆಯಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ರಕ್ತ ತಯಾರಾಗಬೇಕಾದ ಜಾಗದಲ್ಲಿ ಬರೀ ಕೊಬ್ಬು ತುಂಬಿತ್ತು. ರಕ್ತದ ಕಾಯಿಲೆಗಳ ಡಾಕ್ಟರು ನಿಧಾನದ ಹೆಂಗಸು. ಅವನ ಮಂಚದ ಬದಿಯಲ್ಲಿ ಕೂತು, ಕಸುಬು ಕೇಳಿ, ಬಾಟಲಿಯ ಥಿನ್ನರು ಮೂಸಿ ನೋಡಿ, "ಇದೇ ಕಾರಣ ಅಂತ ಖಚಿತವಾಗಿ ಹೇಳೋಕೆ ಯಾರಿಗೂ ಆಗಲ್ಲ. ಆದ್ರೆ ಹೆಸರಿಲ್ಲದ ಥಿನ್ನರಲ್ಲಿ ಬೆಂಜೀನ್ ಬೆರೆತಿರೋದುಂಟು," ಅಂದರು.

ನಾನು ಥಟ್ಟನೆ, "ಮೇಡಂ, ತಿಂಗಳು ತಿಂಗಳು ಲಿವರು ನೋಡಿದ್ದೀನಿ. ಪೂರ್ತಿ ನಾರ್ಮಲ್ ಇತ್ತು," ಅಂದೆ. ನನ್ನ ಪರವಾಗಿ ನಾನೇ ಸಾಕ್ಷಿ ಹೇಳಿದ ಹಾಗಿತ್ತು.

ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೈದಿದ್ದರೆ ಚೆನ್ನಾಗಿತ್ತು.

"ಲಿವರು ಚೆನ್ನಾಗಿ ಕೆಲಸ ಮಾಡ್ತಾ ಇತ್ತು, ನಿಜ," ಅಂದರು. "ಬೆಂಜೀನ್ ಅಂದ್ರೆ ಆರು ಇಂಗಾಲದ ಒಂದು ಬಳೆ. ಎಣ್ಣೆ ಥರದ್ದು, ನೀರಿಗೆ ಸೇರಲ್ಲ. ಉಸಿರಲ್ಲಿ ಬಂದಿದ್ದು ಸ್ವಲ್ಪ ಉಸಿರಲ್ಲೇ ಹೊರಗೆ ಹೋಗುತ್ತೆ. ಉಳಿದಿದ್ದನ್ನ ಮೂತ್ರದಲ್ಲಿ ಕಳಿಸಬೇಕು ಅಂದ್ರೆ ನೀರಿಗೆ ಒಗ್ಗೋ ಹಾಗೆ ಮಾಡಬೇಕು. ಅದಕ್ಕೆ ಲಿವರು ಆ ಬಳೆಗೆ ಆಕ್ಸಿಜನ್ನಿನ ಒಂದು ಕೊಂಡಿ ಹಾಕುತ್ತೆ. ಬಹುಪಾಲು ಹಾಗೇ ಹೊರಗೆ ಹೋಗುತ್ತೆ. ಆದರೆ ಬರೀ ಬಳೆ ಇದ್ದಾಗ ಅದು ಯಾರ ತಂಟೆಗೂ ಹೋಗ್ತಿರಲಿಲ್ಲ. ಕೊಂಡಿ ಬಿದ್ದ ಮೇಲೆ ಅದಕ್ಕೆ ಏನನ್ನಾದ್ರೂ ಹಿಡ್ಕೊಳ್ಳೋ ಶಕ್ತಿ ಬರುತ್ತೆ. ರಕ್ತದಲ್ಲಿ ತೇಲಿ ಮಜ್ಜೆಗೆ ಹೋಗಿ, ಅಲ್ಲಿ ಇನ್ನೂ ಸ್ವಲ್ಪ ಬದಲಾಗಿ, ಅಲ್ಲಿರೋ ಪ್ರೋಟೀನುಗಳಿಗೆ ಕಚ್ಚಿಕೊಳ್ಳುತ್ತೆ. ಬಿಡಿಸೋಕಾಗಲ್ಲ. ಆ ಪ್ರೋಟೀನು ತನ್ನ ಕೆಲಸ ಮಾಡೋಕಾಗಲ್ಲ. ದಿನಾ ಸ್ವಲ್ಪ ಸ್ವಲ್ಪ, ವರ್ಷಗಟ್ಟಲೆ."

ಚೆಲುವ ಮಲಗಿದ್ದಲ್ಲೇ ಕೇಳಿದ. "ಅಂದ್ರೆ ಮೇಡಂ, ಹೊರಗಿಂದ ಬಂದಾಗ ಅದು ಇಸ ಆಗಿರ್ನಿಲ್ಲ?"

"ಪೂರ್ತಿ ಸಾಧು ಅಂತಲ್ಲ. ಆದರೆ ಮಜ್ಜೆಗೆ ಕಚ್ಚೋ ವಿಷ ಮಾಡಿದ್ದು ಒಳಗೇ."

"ನನ್ ಲಿವರೇ."

"ಅದು ತನ್ನ ಕೆಲಸ ಮಾಡಿತು, ಅಷ್ಟೇ."

ಅವನು ನನ್ನ ಕಡೆ ತಿರುಗಿದ. ಬಿಳಿಚಿದ ತುಟಿಯಲ್ಲಿ ಹಳೆಯ ನಗು. "ನೋಡ್ಲಾ ಲ್ಯಾಬು. ಫಸ್ಟ್ ಕ್ಲಾಸ್ ಲಿವರು ಅಂತಿದ್ಯಲ್ಲ. ಅಚ್ಚುಕಟ್ಟಾಗಿ ಅಚ್ಚು ಹಾಕವ್ನೆ ನನ್ ಮಗ."

ರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಕಾಲೇಜಿನಲ್ಲಿ ಈ ಪಾಠ ಇತ್ತು ಎನ್ನುವುದು ಆಗ ನೆನಪಾಯಿತು. ಪರೀಕ್ಷೆಗೆ ಬರುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಆ ಪುಟ ಬಿಟ್ಟಿದ್ದೆ.

ಆಮೇಲೆ ನಡೆದದ್ದನ್ನು ಬೇಗ ಹೇಳುತ್ತೇನೆ, ನಿಧಾನವಾಗಿ ಹೇಳಲು ನನ್ನಿಂದಾಗುವುದಿಲ್ಲ. ದಸರೆಯ ದೀಪ ನೋಡಲು ಊರಿಗೆ ಊರೇ ಹೊರಟಿದ್ದ ದಿನಗಳಲ್ಲಿ ನಾವು ರಕ್ತ ಕೊಡುವವರನ್ನು ಹುಡುಕುತ್ತಿದ್ದೆವು. ಅವನ ಅಕ್ಕನ ಮಜ್ಜೆ ಹೊಂದಲಿಲ್ಲ. ಔಷಧ ಕೊಟ್ಟು ಕಾದರು, ಮಜ್ಜೆ ಏಳಲಿಲ್ಲ. ದೀಪಾವಳಿ ಹೊತ್ತಿಗೆ ಅವನು ತಮಾಷೆ ಮಾಡುವುದನ್ನು ಕಡಿಮೆ ಮಾಡಿದ. ಮಾತಾಡಿದರೆ ಒಸಡಿನಲ್ಲಿ ರಕ್ತ ಬರುತ್ತಿತ್ತು. ಮೆಟ್ಟಿಲ ಮೇಲೆ ನಾನು ಹೇಳಿದ ಮಾತನ್ನು ಅವನು ಒಂದು ಸಲವೂ ಎತ್ತಲಿಲ್ಲ. ನಾನು ಎತ್ತಲು ಹೋದರೆ, "ಬುಡ್ಲಾ, ಬಸ್ಸು ಓಡ್ಸಕ್ಕೆ ನಂಗೆ ಬತ್ತಿತ್ತಾ? ಯಾವ್ದೋ ಮರಕ್ಕೆ ಗುದ್ದಿರ್ತಿದ್ದೆ," ಅಂದ.

ಧನುರ್ಮಾಸ ಹಿಡಿದ ಮೂರನೇ ದಿನ ಜ್ವರ ಬಂತು. ತಡೆಯಲು ಮೈಯಲ್ಲಿ ಬಿಳಿಕಣ ಇರಲಿಲ್ಲ. ಐದನೇ ದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋಗಿ, ಮಂಚದ ಕಾಲ್ದೆಸೆಗೆ ಸಿಕ್ಕಿಸಿದ್ದ ರಿಪೋರ್ಟು ಓದುತ್ತಿದ್ದೆ. ಅವನು ಕಣ್ಣು ಬಿಟ್ಟ.

"ಲಿವರು ಎಂಗೈತೆ?"

"ಚೆನ್ನಾಗಿದೆ ಕಣೋ."

"ಸುಳ್ಳಾ, ನಿಜಾನಾ?"

"ನಿಜ. ನಾರ್ಮಲ್."

ಅದು ನಿಜವೇ ಆಗಿತ್ತು. ಅವನು ತಲೆಯಾಡಿಸಿ ಕಣ್ಣು ಮುಚ್ಚಿದ. ಮಧ್ಯಾಹ್ನ ಹೋಗಿಬಿಟ್ಟ.

ಅಂಗಡಿ ಮುಚ್ಚುತ್ತಾರೆ ಅಂದುಕೊಂಡಿದ್ದೆ. ಮಾಘ ಬಂದಾಗ ರತ್ನಮ್ಮ ರಬ್ಬರಿನ ಪಟ್ಟಿ ಹಿಡಿದು ನಿಂತಿದ್ದರು. ಬಿಡಿ ಎಂದು ಗೋಗರೆದೆ. "ನಂಗೆ ಇನ್ನೇನ್ ಬತ್ತದೆ ಅಣ್ಣ?" ಅಂದರು. ಕಿಟಕಿ ತೆರೆಸಿದೆ, ಫ್ಯಾನು ಹಾಕಿಸಿದೆ, ಚೀಟಿ ಇರುವ ಥಿನ್ನರು ತರಿಸುತ್ತೇನೆಂದು ಅವರಿಂದ ಮಾತು ತೆಗೆದುಕೊಂಡೆ. ಹಗ್ಗದಲ್ಲಿ ನನ್ನ ಏಳು ರಿಪೋರ್ಟು ಇನ್ನೂ ನೇತಾಡುತ್ತಿದ್ದವು. ಕೀಳಲು ಕೈ ಎತ್ತಿದೆ. "ಇರ್ಲಿ ಬುಡಿ ಅಣ್ಣ. ಅವ್ರಿಗೆ ಅದ ನೋಡುದ್ರೆ ಧೈರ್ಯ ಇತ್ತು," ಅಂದರು. ಆಮೇಲೆ, ಸ್ವಲ್ಪ ಸಂಕೋಚದಿಂದ: "ತಿಂಗಳಿಗೊಂದ್ಸಲ ನಂಗೂ ನೋಡ್ಬುಡಿ."

ಅಂದಿನಿಂದ ಮೊದಲ ಭಾನುವಾರ ಆ ಕುರ್ಚಿಯಲ್ಲಿ ರತ್ನಮ್ಮ ಕೂರುತ್ತಾರೆ. ಈಗ ನೇರಳೆ ಟ್ಯೂಬು ಮೊದಲು ತೆಗೆಯುತ್ತೇನೆ. ಮಾಲೀಕರಿಗೆ ಹೇಳಿಯೇ ಮಾಡುತ್ತೇನೆ, ಅವರು ಬೇಡ ಎಂದಿಲ್ಲ.

ಹೋದ ವಾರ ಆ ಚೀಲವನ್ನು ಬಾಲ್ಕನಿಗೆ ಹಾಕಿ ಬಂದ ಮೇಲೆ ಫೋನು ಮಾಡಿದೆ.

"ರತ್ನಮ್ಮ, ಹಳೇ ಥಿನ್ನರೇ ತರಿಸ್ತಿದ್ದೀರಾ?"

ಆ ಕಡೆಯಿಂದ ಪರದೆ ಮೇಲೆ ಪಟ್ಟಿ ಎಳೆಯುವ ಸದ್ದು ನಿಂತಿತು. "ಚೀಟಿ ಇರೋದ್ರಲ್ಲಿ ಇಂಕು ಹಿಡಿಯಾಕಿಲ್ಲ ಅಣ್ಣ. ಉದುರೋಯ್ತದೆ. ಗಿರಾಕಿಗಳು ವಾಪಸ್ ತಂದು ಎಸೀತಾರೆ."

"ಕಿಟಕಿ?"

"ಮದ್ವೆ ಕಾಲ ಅಣ್ಣ…" ಪಟ್ಟಿ ಎಳೆಯುವ ಸದ್ದು ಪುನಃ ಶುರುವಾಯಿತು. ಮತ್ತೆ, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ, "ಭಾನ್ವಾರ ಬತ್ತೀನಲ್ಲ. ಎಲ್ಡು ಟ್ಯೂಬೂ ತಕ್ಕೊಂಡ್ಬುಡಿ. ನೀವು ನೋಡ್ತಿದ್ದೀರಿ ಅಂತ ನಂಗೇನೂ ಭಯ ಇಲ್ಲ," ಅಂದರು.

ನಿನ್ನೆ ಬಂದಿದ್ದರು. ತೆಗೆದೆ. ಬಿಳಿಕಣ ನಾಲ್ಕು ತಿಂಗಳಿಂದ ಒಂದೊಂದು ಸಲಕ್ಕೂ ಒಂದಿಷ್ಟು ಇಳಿಯುತ್ತಿದೆ. ಇನ್ನೂ ಗೆರೆಯ ಒಳಗೇ ಇದೆ, ಆದ್ದರಿಂದ ಮೆಷಿನ್ನು ಅದರ ಮುಂದೆ ನಾರ್ಮಲ್ ಎಂದೇ ಅಚ್ಚು ಹಾಕಿತು. ಆಸ್ಪತ್ರೆಗೆ ಹೋಗೋಣ ಬನ್ನಿ ಅಂದೆ. ಈ ಮುಹೂರ್ತಗಳು ಕಳೀಲಿ ಅಂದರು. ಆಷಾಢದಲ್ಲಿ ಬರುತ್ತಾರಂತೆ. ರಿಪೋರ್ಟಿಗೆ ಸಹಿ ಹಾಕದೆ ಪೆನ್ನು ಹಿಡಿದು ಕೂತಿದ್ದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು, ಬಾಗಿಲ ಹತ್ತಿರ ನಿಂತು ಕೇಳಿದರು.

"ಲಿವರು ಎಂಗೈತೆ ಅಣ್ಣ?"

"ಬಹಳ ಚೆನ್ನಾಗಿದೆ," ಅಂದೆ.